ಮಡಚಿದರೆ ಮುರಿಯುವ ಕಿಟಕಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ತುದಿಯಲ್ಲಿ, ಕೆನಡಾ ಗಡಿಗೆ ಅಂಟಿಕೊಂಡಂತೆ ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಊರಿದೆ. ಜನವರಿಯ ರಾತ್ರಿ ಅಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಸೀಮೆಯಲ್ಲೂ ಬಟ್ಟೆಯ ಟಾಪ್ ಹೊದ್ದ ಜೀಪ್ ರಾಂಗ್ಲರ್‌ಗಳು ಓಡಾಡುತ್ತವೆ. ಟಾಪ್ ಮಡಚಬೇಕಾದ್ದರಿಂದ ಅದರ ಪಕ್ಕಕ್ಕೂ ಹಿಂದಕ್ಕೂ ಗಾಜು ಕೂರಿಸುವ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಜೋಡಿಸಿರುತ್ತಾರೆ. ಹಾಳೆಯ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರ್. ಜುಲೈ ತಿಂಗಳಲ್ಲಿ ಸಲೀಸಾಗಿ ಸುತ್ತಿಡಬಹುದಾದ ಈ ಹಾಳೆಯನ್ನು ಜನವರಿಯ ಮುಂಜಾನೆ ಸುತ್ತಲು ಹೋದರೆ ಚಟ್ಟೆಂದು ಸೀಳುತ್ತದೆ.

ಜೀಪಿನ ಜೊತೆ ಬರುವ ಕೈಪಿಡಿ ಈ ಬಗ್ಗೆ ಖಡಾಖಂಡಿತವಾಗಿದೆ: ತಾಪಮಾನ 5 ಡಿಗ್ರಿಗಿಂತ ಕೆಳಗಿದ್ದರೆ ಟಾಪ್ ಇಳಿಸಬೇಡಿ, ಕಿಟಕಿ ಸುತ್ತಬೇಡಿ. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಪ್ಲಾಸ್ಟಿಕ್ಕಿಗೆ ಅದಕ್ಕೂ ಮೊದಲೇ ಯಾಕೆ ಈ ನಿರ್ಬಂಧ?

ಉತ್ತರ ಹಾಳೆಯೊಳಗೇ ಇದೆ. ಅದು ಪಿವಿಸಿ, ನಮ್ಮ ಮನೆಯ ನೀರಿನ ಪೈಪಿನ ವಸ್ತುವೇ. ಪೈಪನ್ನು ಯಾರೂ ಸುತ್ತಿಡಲಾರರು, ಯಾಕೆಂದರೆ ಬೆರಕೆಯಿಲ್ಲದ ಪಿವಿಸಿ ಮೆತ್ತಗಾಗಲು ಸುಮಾರು 80 ಡಿಗ್ರಿ ಶಾಖ ಬೇಕು. ಅದರ ಉದ್ದುದ್ದ ಅಣುಸರಪಳಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಬೇಯಿಸಿ ಆರಲು ಬಿಟ್ಟ ಶಾವಿಗೆ ಮುದ್ದೆಗಟ್ಟುವುದನ್ನೂ, ಒಂದು ಚಮಚ ಎಣ್ಣೆ ಹಾಕಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದನ್ನೂ ನೋಡಿದವರಿಗೆ ಮುಂದಿನ ಕಥೆ ಸುಲಭ. ಪಿವಿಸಿಗೆ ಹಾಕುವ ಎಣ್ಣೆಯಂಥ ದ್ರವಕ್ಕೆ ಪ್ಲಾಸ್ಟಿಸೈಜರ್ ಎನ್ನುತ್ತಾರೆ. ಅದು ಸರಪಳಿಗಳ ನಡುವೆ ನುಸುಳಿ, ಅವು ಜಾರಾಡಲು ಎಡೆ ಮಾಡಿಕೊಡುತ್ತದೆ.

ಇದನ್ನು ಕಂಡುಕೊಂಡವನು ವಾಲ್ಡೋ ಸೆಮನ್. 1926ರಲ್ಲಿ ಒಹಾಯೋದ ಆಕ್ರನ್ ನಗರದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ಆತ ಹುಡುಕುತ್ತಿದ್ದುದು ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು. ಆಗ ಯಾರಿಗೂ ಬೇಡವಾಗಿದ್ದ ಪಿವಿಸಿಯನ್ನು ಬೇಗ ಆವಿಯಾಗದ ದ್ರಾವಕದಲ್ಲಿ ಹಾಕಿ ಕಾಯಿಸಿದ. ಗೋಂದು ಆಗಲಿಲ್ಲ, ತಣ್ಣಗಾದ ಮೇಲೆ ಉಳಿದದ್ದು ಬಗ್ಗುವ, ಪುಟಿಯುವ ಹೊಸ ಪದಾರ್ಥ. ರೇನ್‌ಕೋಟು, ವೈರಿನ ಹೊದಿಕೆ, ರಕ್ತದ ಚೀಲ, ಜೀಪಿನ ಕಿಟಕಿ ಎಲ್ಲವೂ ಅದರ ಸಂತಾನ. ಕಿಟಕಿಯ ಹಾಳೆಯಂಥ ಮೆದು ಪಿವಿಸಿಯಲ್ಲಿ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಈ ದ್ರವವೇ ಇರುವುದುಂಟು. ಮುಟ್ಟಿದರೆ ಒಣಗಿದಂತೆ ಕಾಣುವ ಹಾಳೆಯಲ್ಲಿ ಕಾಲುಪಾಲಾದರೂ ಎಣ್ಣೆ ಎಂದರೆ ಸೋಜಿಗವೇ.

ಚಳಿಯಲ್ಲಿ ಸರಪಳಿಗಳ ಚಲನೆ ನಿಧಾನವಾಗುತ್ತದೆ. ಒಂದು ಹಂತ ದಾಟಿದರೆ ಹೆಚ್ಚುಕಡಿಮೆ ನಿಂತೇಹೋಗಿ ವಸ್ತು ಪೆಡಸಾಗುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಗ್ಲಾಸ್ ಟ್ರಾನ್ಸಿಷನ್ ಎಂದು ಹೆಸರು. ನೀರು ಹೆಪ್ಪುಗಟ್ಟುವಂತೆ ಇದು ಒಂದೇ ಡಿಗ್ರಿಯಲ್ಲಿ ನಡೆಯುವ ಘಟನೆಯಲ್ಲ. ಹತ್ತಾರು ಡಿಗ್ರಿಗಳ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗುತ್ತದೆ. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ: ವೇಗಕ್ಕೂ ಇಲ್ಲಿ ಪಾತ್ರವಿದೆ. ಮೆಲ್ಲಗೆ ಬಗ್ಗಿಸಿದಾಗ ಸರಪಳಿಗಳಿಗೆ ಸರಿದುಕೊಳ್ಳಲು ಹೊತ್ತು ಸಿಗುತ್ತದೆ. ಅದೇ ತಾಪಮಾನದಲ್ಲಿ ಗಡಿಬಿಡಿಯಿಂದ ಮಡಚಿದರೆ ಅವು ಸರಿಯಲಾರದೆ ಹರಿಯುತ್ತವೆ. ಆಫೀಸಿಗೆ ಹೊತ್ತಾಯಿತೆಂದು ಧಡಾರನೆ ಬಾಗಿಲು ಬಡಿಯುವವರ ಕಿಟಕಿ ಮೊದಲು ಬಿರಿಯುವುದು ಈ ಕಾರಣಕ್ಕೇ.

ಆದರೆ ಚಳಿಯೊಂದನ್ನೇ ದೂರುವುದು ತಪ್ಪು. ಪ್ಲಾಸ್ಟಿಸೈಜರ್ ಪಿವಿಸಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಸುಮ್ಮನೆ ನಡುವೆ ಕುಳಿತಿರುತ್ತದೆ ಅಷ್ಟೆ. ಬೇಸಿಗೆಯ ಬಿಸಿಲಿಗೆ ಅದು ಇಷ್ಟಿಷ್ಟೇ ಆವಿಯಾಗುತ್ತದೆ. ಕಾರಿನೊಳಗೆ ಮುಂದಿನ ಗಾಜಿನ ಮೇಲೆ ಕೂರುವ ಜಿಡ್ಡಿನ ಪರೆಯಲ್ಲಿ ಹೀಗೆ ಪ್ಲಾಸ್ಟಿಕ್ ಭಾಗಗಳಿಂದ ಹೊರಬಂದದ್ದೂ ಸೇರಿರುತ್ತದೆ. ಜೊತೆಗೆ ಅತಿನೇರಳೆ ಕಿರಣಗಳು ಪಿವಿಸಿಯ ಸರಪಳಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಕಿತ್ತು ಹಾಕುತ್ತವೆ, ಹಾಳೆ ಹಳದಿಯಾಗುತ್ತದೆ. ಬೆಂಗಳೂರಿನ ಹಳೆಯ ಆಟೋಗಳ ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ, ಮಬ್ಬಾಗಿ, ಹಿಂದೆ ಬರುವ ಬಸ್ಸೂ ಕಾಣದಂತಾಗುವುದರಲ್ಲಿ ಬಿಸಿಲಿನ ಪಾಲು ದೊಡ್ಡದು. ನಮ್ಮಲ್ಲಿ ಕೊರೆಯುವ ಚಳಿ ಇಲ್ಲದಿರುವುದರಿಂದ ಅಂಥ ಕಿಟಕಿ ಮಬ್ಬಾದರೂ ವರ್ಷಗಟ್ಟಲೆ ಬಾಳುತ್ತದೆ. ಮಿನ್ನೆಸೋಟದಲ್ಲಿ ಹಾಗಲ್ಲ. ದ್ರವ ಕಳೆದುಕೊಂಡ ಹಾಳೆ ಹೊಸದಕ್ಕಿಂತ ಹೆಚ್ಚಿನ ತಾಪಮಾನದಲ್ಲೇ ಪೆಡಸಾಗುತ್ತದೆ. ಚಳಿಗಾಲದಲ್ಲಿ ಒಡೆದ ಕಿಟಕಿಯ ಅರ್ಧ ಆಯುಷ್ಯ ಬೇಸಿಗೆಯಲ್ಲೇ ತೀರಿರುತ್ತದೆ. ಹಾಗಾಗಿ ಚಳಿಗಾಲದ ಆರೈಕೆ ಶುರುವಾಗಬೇಕಾದದ್ದು ಏಪ್ರಿಲ್‌ನಲ್ಲಿ, ಜೀಪನ್ನು ನೆರಳಿನಲ್ಲಿ ನಿಲ್ಲಿಸುವುದರಿಂದ.

ಇನ್ನು ಹಿಮ. ತೆಳ್ಳನೆಯ ಹಾಳೆಯಲ್ಲಿ ಶಾಖ ಉಳಿಯುವುದು ಕಡಿಮೆ. ನಿರಭ್ರ ರಾತ್ರಿಯಲ್ಲಿ ಅದು ಆಕಾಶದ ಕಡೆಗೆ ಶಾಖ ಸೂಸುತ್ತ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗಾಗುವಷ್ಟರಲ್ಲಿ ಮೈತುಂಬ ಹಿಮದ ಹರಳು. ಗಾಜನ್ನು ಕೆರೆಯುವ ಸ್ಕ್ರೇಪರ್ ಎತ್ತಿಕೊಳ್ಳುವುದು ಅಲ್ಲಿನವರಿಗೆ ಅಭ್ಯಾಸಬಲ. ಗಾಜು ತಡೆದುಕೊಳ್ಳುತ್ತದೆ, ಈ ಮೆದು ಹಾಳೆ ಗೀರುಗಳ ಜಾಲವಾಗುತ್ತದೆ. ಹಿಂದಿನ ವಾಹನದ ದೀಪ ಬಿದ್ದಾಗ ಪ್ರತಿ ಗೀರೂ ಹೊಳೆದು ಕಣ್ಣು ಕುಕ್ಕುತ್ತದೆ. ಹಿಮ ಕರಗಿಸುವ ಸ್ಪ್ರೇ ಇನ್ನೂ ಕೆಟ್ಟದ್ದು. ಅವುಗಳಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ; ಉಳಿಸಿಕೊಳ್ಳಬೇಕಾದ ಪ್ಲಾಸ್ಟಿಸೈಜರನ್ನೇ ಅದು ಹೊರಗೆಳೆಯುತ್ತದೆ. ಪೆಟ್ರೋಲು, ಥಿನ್ನರ್‌ಗಳ ಮಾತಂತೂ ಬೇಡ. ಸ್ಟಿಕ್ಕರ್ ಅಂಟಿಸುವ ಹುರುಪೂ ಬೇಡ, ಅದರ ಗೋಂದು ಪ್ಲಾಸ್ಟಿಸೈಜರನ್ನು ಹೀರಿಕೊಂಡು ಅಲ್ಲೇ ಕಲೆಯಾಗಿ ನಿಲ್ಲುತ್ತದೆ.

ಸರಿಯಾದ ದಾರಿ ಬೇಸರ ಹಿಡಿಸುವಷ್ಟು ಸರಳ. ಇಂಜಿನ್ ಚಾಲೂ ಮಾಡಿ, ಹೀಟರ್ ಹಾಕಿ, ಕಾಯಬೇಕು. ಒಳಗಿನ ಬೆಚ್ಚಗಿನ ಗಾಳಿಗೆ ಹಿಮ ತಾನಾಗಿ ಸಡಿಲವಾಗುತ್ತದೆ, ಹಾಳೆಯೂ ಮೆತ್ತಗಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಇಂಜಿನ್ ಓಡಿಸಬಾರದು, ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಎರವಾಗುತ್ತದೆ. ತೀರಾ ಅವಸರವಿದ್ದರೆ ಬೆಚ್ಚಗಿನ ನೀರು ಸಾಕು, ಕುದಿನೀರು ಕೂಡದು. ರಸ್ತೆಗೆ ಸುರಿದ ಉಪ್ಪಿನ ಹರಳುಗಳು ಕಿಟಕಿಗೂ ಹಾರಿ ಅಂಟಿರುತ್ತವೆ. ಒಣ ಬಟ್ಟೆಯಿಂದ ಉಜ್ಜುವುದೆಂದರೆ ಅವುಗಳಿಂದಲೇ ಕೆರೆದಂತೆ. ಮೊದಲು ನೀರು, ಆಮೇಲೆ ಒದ್ದೆ ಮಾಡಿದ ಮೆತ್ತನೆಯ ಬಟ್ಟೆ. ಒಳಗಡೆಯೂ ಹಿಮ ಕಟ್ಟುವುದುಂಟು, ನಮ್ಮದೇ ಉಸಿರಿನ ತೇವದಿಂದ. ಜೀಪು ನಿಲ್ಲಿಸಿದ ಮೇಲೆ ಬಾಗಿಲನ್ನು ಒಂದು ನಿಮಿಷ ತೆರೆದಿಟ್ಟರೆ ಆ ತೇವದ ಗಾಳಿ ಹೊರಹೋಗಿ ಅರ್ಧ ಕೆಲಸ ಮುಗಿಯುತ್ತದೆ.

ಇಷ್ಟೆಲ್ಲ ಉಪಚಾರ ಬೇಡಪ್ಪ ಎನ್ನುವವರ ಕಡೆಗೇ ಕಾರು ಕಂಪನಿಗಳೂ ವಾಲಿವೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರಿನ ಹಿಂಗಿಟಕಿ ಪ್ಲಾಸ್ಟಿಕ್ಕಿನದು; ಟಾಪ್ ಇಳಿಸುವ ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಅಂಗಾತ ಮಲಗಿಸಬೇಕಿತ್ತು. 1998ರ ಎರಡನೇ ತಲೆಮಾರಿನಲ್ಲಿ ಅದರ ಜಾಗಕ್ಕೆ ಗಾಜು ಬಂತು. ರಾಂಗ್ಲರ್‌ನಂಥ ಜೀಪಿಗೆ ಗಟ್ಟಿ ಹಾರ್ಡ್ ಟಾಪ್ ಕೂಡ ಸಿಗುತ್ತದೆ. ಹಿಮ ಬೀಳುವ ಊರಿಗೆ ಕೆಲಸದ ಮೇಲೆ ಹೋಗಿ ಜೀಪು ಕೊಳ್ಳುವ ಆಸೆಯಿರುವ ಕನ್ನಡಿಗರು ಅದನ್ನೇ ಆರಿಸಿಕೊಳ್ಳುವುದು ಜಾಣತನ. ಬಟ್ಟೆಯ ಟಾಪೇ ಬೇಕೆನ್ನುವವರು ಚಳಿ ಬೀಳುವ ಮುಂಚೆ ಕಿಟಕಿಗಳನ್ನು ತೊಳೆದು, ಬಿಗಿಯಾಗಿ ಮುಚ್ಚಿ, ವಸಂತದವರೆಗೆ ಬಿಚ್ಚದೆ ಬಿಡಲಿ.