ಕಲಿಸುವ ಬಗೆ ಮತ್ತು ತಿದ್ದುವ ಬಗೆ

ಸಂಜೆಯ ಹೊತ್ತಿಗೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಗಂಟೆ ಬಾರಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯ ವಾಚಕರಲ್ಲಿ ಅನೇಕರು ಇನ್ನೂ ಮರೆತಿರಲಾರರು. ನಸುಕಿನಲ್ಲೆದ್ದು, ದಿನವಿಡೀ ಕಪ್ಪು ಬಸಿಗಳನ್ನು ತೊಳೆದೋ ಮೇಜು ಒರೆಸಿಯೋ ದಣಿದ ಹುಡುಗನು, ಅಂಗಿಗೆ ಅಂಟಿದ ಎಣ್ಣೆಯ ವಾಸನೆಯೊಡನೆ ಬಂದು ಬೆಂಚಿನ ಮೇಲೆ ಕೂಡುವನು. ಉಪಾಧ್ಯಾಯರು ಕರಿಹಲಗೆಯ ಕಡೆಗೆ ತಿರುಗಿದರೆಂದರೆ ಇವನ ತಲೆ ಮೆಲ್ಲನೆ ಎದೆಯ ಮೇಲೆ ಬಾಗುವುದು. ‘ಇವನಿಗೆ ವಿದ್ಯೆ ಹತ್ತುವ ಹಾಗಿಲ್ಲ’ ಎಂಬ ತೀರ್ಪು ಅಲ್ಲಿಗೇ ಆಗಿಬಿಡುತ್ತಿತ್ತು.

ಆದರೆ ಅದೇ ಹುಡುಗನನ್ನು ಹೋಟೆಲಿನಲ್ಲಿ ನೋಡಬೇಕಾಗಿತ್ತು. ಐದಾರು ಮೇಜುಗಳ ಗಿರಾಕಿಗಳು ಒಮ್ಮೆಗೇ ಹೇಳಿದ ತಿಂಡಿಗಳನ್ನೆಲ್ಲ ಕಾಗದ ಪೆನ್ಸಿಲುಗಳಿಲ್ಲದೆ ಮನಸ್ಸಿನಲ್ಲಿಟ್ಟುಕೊಂಡು, ಯಾರ ಚಹಾಕ್ಕೆ ಸಕ್ಕರೆ ಕಡಿಮೆ, ಯಾರ ಇಡ್ಲಿಗೆ ಸಾಂಬಾರು ಬೇರೆ ಎಂಬುದನ್ನೂ ತಪ್ಪದೆ, ಗಲ್ಲಾದವರಿಗೆ ಲೆಕ್ಕವನ್ನು ಕೂಗಿ ಹೇಳುವವನು ಅವನೇ. ಅಲ್ಲಿ ಅಷ್ಟು ಚುರುಕಾಗಿದ್ದ ಬುದ್ಧಿ ಇಲ್ಲಿಗೆ ಬಂದೊಡನೆ ಏಕೆ ಮಲಗಿತು? ದಣಿವು ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೊಂದೇ ಕಾರಣವಲ್ಲ.

ಹೋಟೆಲಿನಲ್ಲಿ ಕಲಿಯುವ ಕ್ರಮವನ್ನು ಸ್ವಲ್ಪ ವಿಚಾರಿಸೋಣ. ಹೊಸಬನೊಬ್ಬನು ದೋಸೆ ಹುಯ್ಯಲು ನಿಂತನೆನ್ನಿ. ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡಿತು. ಪಕ್ಕದಲ್ಲಿರುವ ಭಟ್ಟರು ಆ ಕ್ಷಣದಲ್ಲಿಯೇ, ‘ಕಾವಲಿ ಹೆಚ್ಚು ಕಾದಿದೆ ಮಾರಾಯಾ, ನೀರು ಚಿಮುಕಿಸಿ ಒರೆಸು, ಆಮೇಲೆ ಹುಯ್ಯಿ’ ಎನ್ನುತ್ತಾರೆ. ಎರಡನೆಯ ದೋಸೆ ಮೊದಲನೆಯದಕ್ಕಿಂತ ವಾಸಿ, ಹತ್ತನೆಯದು ಗಿರಾಕಿಯ ತಟ್ಟೆಗೆ ಯೋಗ್ಯ. ಭಟ್ಟರು ಹಾಗೆ ಹೇಳದೆ, ತಿಂಗಳ ಕೊನೆಯಲ್ಲಿ ‘ನಿನ್ನ ದೋಸೆಗೆ ನೂರಕ್ಕೆ ಮೂವತ್ತೈದು’ ಎಂದು ಚೀಟಿ ಬರೆದು ಕೊಟ್ಟಿದ್ದರೆ ನಮ್ಮಲ್ಲಿ ಎಷ್ಟು ಮಂದಿ ದೋಸೆ ಹುಯ್ಯಲು ಕಲಿಯುತ್ತಿದ್ದರು? ಶಾಲೆಯಲ್ಲಿ ನಾವು ಮಾಡುತ್ತಿರುವುದು ಬಹುಮಟ್ಟಿಗೆ ಇದೇ. ತಪ್ಪು ಎಲ್ಲಿ ಆಯಿತು, ಅದನ್ನು ಸರಿಪಡಿಸುವುದು ಹೇಗೆ ಎಂದು ತಿಳಿಸಿ, ಮತ್ತೊಮ್ಮೆ ಮಾಡಲು ಅವಕಾಶ ಕೊಟ್ಟರೆ ದಣಿದವನೂ ಎಚ್ಚರಗೊಳ್ಳುತ್ತಾನೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ದುಡಿಯುವವರಿಗೆ ಇರುಳಿನಲ್ಲಿ ಅಕ್ಷರ ಕಲಿಸುವ ಕಾರ್ಯ ನಮ್ಮ ದೇಶದಲ್ಲಿ ಹೊಸದೇನೂ ಅಲ್ಲ. 1855ರಷ್ಟು ಹಿಂದೆಯೇ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿಗಳು ಪುಣೆಯಲ್ಲಿ ಶ್ರಮಜೀವಿಗಳಿಗಾಗಿ ರಾತ್ರಿ ಶಾಲೆಯನ್ನು ನಡೆಸಿದರು. ಮುಂಬಯಿಯಲ್ಲಿ ಕರಾವಳಿಯಿಂದ ಬಂದವರ ಸಂಘಗಳೂ ಕನ್ನಡ ಸಂಸ್ಥೆಗಳೂ ಇಪ್ಪತ್ತನೆಯ ಶತಮಾನದಲ್ಲಿ ಇಂಥ ಶಾಲೆಗಳನ್ನು ಕಟ್ಟಿ ಬೆಳೆಸಿದವು. ಹಗಲು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ರಾತ್ರಿ ಉಪಾಧ್ಯಾಯರಾದವರ ಸೇವೆಯಿಂದ ಎಷ್ಟೋ ಮಂದಿ ಮೆಟ್ರಿಕ್ ಮುಗಿಸಿ ತಾವೂ ಕಚೇರಿಗಳ ಮೆಟ್ಟಿಲು ಹತ್ತಿದರು. ಈಗ ಆ ಶಾಲೆಗಳಲ್ಲಿ ಹಲವು ಮುಚ್ಚಿಹೋಗಿವೆ. ಹೋಟೆಲುಗಳಲ್ಲಿ ಹದಿನಾಲ್ಕು ವರ್ಷಕ್ಕೆ ಕೆಳಗಿನ ಮಕ್ಕಳನ್ನು ದುಡಿಸುವುದನ್ನು 2006ರಲ್ಲಿ ಕಾನೂನು ನಿಷೇಧಿಸಿದುದು ಒಳ್ಳೆಯದೇ ಆಯಿತು. ಆದರೆ ಇಂದಿಗೂ ಕೆಲಸ ಮುಗಿಸಿ ಪುಸ್ತಕ ಹಿಡಿಯುವ ತರುಣರಿದ್ದಾರೆ. ಆದಿತ್ಯವಾರ ಸಂಘದ ಕೊಠಡಿಯಲ್ಲಿ ಕನ್ನಡ ಅಕ್ಷರ ತಿದ್ದುವ ನಮ್ಮ ಮಕ್ಕಳಿದ್ದಾರೆ. ಪ್ರಶ್ನೆ ಹಳೆಯದೇ: ಮುಂದೆ ಕುಳಿತವರ ಮನಸ್ಸು ಪಾಠದಲ್ಲಿ ನೆಲೆಸುವಂತೆ ಮಾಡುವುದು ಹೇಗೆ?

ಮೊದಲನೆಯ ಮಾತು, ವಿದ್ಯಾರ್ಥಿಯು ಎಲ್ಲಿ ನಿಂತಿದ್ದಾನೆಯೋ ಅಲ್ಲಿಂದ ಪಾಠ ಹೊರಡಬೇಕು. ಇದಕ್ಕೆ ನಿದರ್ಶನವು ಮುಂಬಯಿಯಲ್ಲಿಯೇ ದೊರೆಯುತ್ತದೆ. ಈ ನಗರದಲ್ಲಿ ಹುಟ್ಟಿದ ‘ಪ್ರಥಮ್’ ಎಂಬ ಸಂಸ್ಥೆಯು ನಗರಪಾಲಿಕೆಯ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಯೋಜನೆಯನ್ನು ನಡೆಸಿತು. ಮೂರನೆಯ, ನಾಲ್ಕನೆಯ ತರಗತಿಗೆ ಬಂದರೂ ಓದುವುದನ್ನೂ ಕೂಡಿಸಿ ಕಳೆಯುವುದನ್ನೂ ಅರಿಯದ ಮಕ್ಕಳನ್ನು ಹದಿನೈದು ಇಪ್ಪತ್ತರ ಗುಂಪಾಗಿ ಆರಿಸಿ, ದಿನಕ್ಕೆ ಎರಡು ಗಂಟೆ ಬೇರೆಯಾಗಿ ಕೂರಿಸಿ ಮೊದಲಿನಿಂದ ಕಲಿಸುವುದೇ ಆ ಯೋಜನೆ. ಕಲಿಸಿದವರು ದೊಡ್ಡ ಪದವೀಧರರಲ್ಲ. ಅದೇ ವಸತಿಯಲ್ಲಿದ್ದು ಪ್ರೌಢಶಾಲೆಯವರೆಗೆ ಓದಿದ ತರುಣಿಯರು. ಅವರಿಗೆ ಆರಂಭದಲ್ಲಿ ದೊರೆತದ್ದು ಎರಡು ವಾರಗಳ ತರಬೇತಿ ಮಾತ್ರ.

ಮುಂಬಯಿ ಮತ್ತು ವಡೋದರಾ ನಗರಗಳಲ್ಲಿ ಈ ಯೋಜನೆಯ ಫಲವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಅಳೆದು 2007ರಲ್ಲಿ ಪ್ರಕಟಿಸಿದರು. ಮುಂದೆ 2019ರಲ್ಲಿ ಈ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆತ ಸಂಗತಿ ವಾಚಕರಿಗೆ ತಿಳಿದೇ ಇದೆ. ಹಿಂದುಳಿದಿದ್ದ ಮಕ್ಕಳೇ ಬಾಲಸಖಿಯರಿಂದ ಹೆಚ್ಚಿನ ಪ್ರಯೋಜನ ಪಡೆದರೆಂದು ತಿಳಿದುಬಂದಿತು. ಇನ್ನೊಂದು ಸಂಗತಿಯೂ ಗಮನಾರ್ಹ. ಈ ಮಕ್ಕಳು ಎದ್ದುಹೋದ ಮೇಲೆ ಮೂಲ ತರಗತಿಯಲ್ಲಿ ಸಂಖ್ಯೆ ಇಳಿದಿದ್ದರೂ, ಅಲ್ಲಿಯೇ ಉಳಿದವರಿಗೆ ಹೇಳಿಕೊಳ್ಳುವಂತಹ ಲಾಭವಾಗಲಿಲ್ಲ. ಅಂದರೆ ಬೆಂಚಿನ ಮೇಲೆ ತಲೆಗಳು ಕಡಿಮೆಯಾದ ಮಾತ್ರಕ್ಕೆ ಪಾಠ ಹತ್ತುವುದಿಲ್ಲ. ಪಾಠದ ಬಗೆಯೂ ಬದಲಾಗಬೇಕು.

ಎರಡನೆಯದು, ಪ್ರಶ್ನೆ ಕೇಳುವ ರೀತಿ. ಅನೇಕ ಉಪಾಧ್ಯಾಯರು ಪ್ರಶ್ನೆ ಕೇಳುತ್ತಾರೆ. ಮುಂದಿನ ಬೆಂಚಿನ ಜಾಣನು ಕೈಯೆತ್ತುತ್ತಾನೆ. ಉತ್ತರ ಬಂದಿತೆಂದು ಪಾಠ ಮುಂದೆ ಸಾಗುತ್ತದೆ. ಹಿಂದೆ ಕುಳಿತವನಿಗೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಎಂಬವರು 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಪರೀಕ್ಷಿಸಿ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಸಾಮಾನ್ಯವಾಗಿ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆಂದು ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು, ಮೌನ ಕಡಿಮೆಯಾಯಿತು, ದಡ್ಡರೆನಿಸಿಕೊಂಡಿದ್ದವರೂ ಬಾಯಿಬಿಟ್ಟರು. ಮೂರು ಸೆಕೆಂಡಿಗೆ ಖರ್ಚೇನೂ ಇಲ್ಲವಷ್ಟೆ. ಇದಕ್ಕಿಂತಲೂ ಒಳ್ಳೆಯದು, ಎಲ್ಲರೂ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಒಮ್ಮೆಗೇ ಎತ್ತಿ ತೋರಿಸುವ ಕ್ರಮ. ಆಗ ತೂಕಡಿಸಲು ಯಾರಿಗೂ ಎಡೆಯಿಲ್ಲ. ಯಾರಿಗೆ ಎಲ್ಲಿ ತೊಡಕಾಗಿದೆ ಎಂಬುದೂ ಉಪಾಧ್ಯಾಯರಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ.

ಕೇಳುವುದರಿಂದ ನೆನಪೂ ಗಟ್ಟಿಯಾಗುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಬಾರಿ ಓದಿದರು. ಇನ್ನೊಂದು ಗದ್ಯಭಾಗವನ್ನು ಒಮ್ಮೆ ಮಾತ್ರ ಓದಿ, ಪುಸ್ತಕ ಮುಚ್ಚಿ, ನೆನಪಾದುದನ್ನು ಬರೆದರು. ಐದು ನಿಮಿಷಗಳ ಬಳಿಕ ವಿಚಾರಿಸಿದಾಗ ಎರಡು ಸಲ ಓದಿದುದೇ ಹೆಚ್ಚು ನೆನಪಿನಲ್ಲಿತ್ತು. ಒಂದು ವಾರ ಕಳೆದ ಮೇಲೆ ಮಾತ್ರ ಫಲ ತಿರುವುಮುರುವಾಯಿತು: ಎರಡು ಸಲ ಓದಿದುದರಲ್ಲಿ ನೂರಕ್ಕೆ 42ರಷ್ಟು ಉಳಿದಿದ್ದರೆ, ಓದಿ ಬರೆದುದರಲ್ಲಿ 56ರಷ್ಟು ಉಳಿದಿತ್ತು. ಓದಲು ಸಮಯವೇ ಸಿಗದ ಹೋಟೆಲು ಕೆಲಸಗಾರನಿಗೆ ಇದಕ್ಕಿಂತ ಉಪಯುಕ್ತವಾದ ಮಾತಿಲ್ಲ. ಪಾಠವನ್ನು ಮತ್ತೆ ಮತ್ತೆ ಕಣ್ಣಾಡಿಸುವ ಬದಲು, ಕೆಲಸದ ನಡುವಿನ ಬಿಡುವಿನಲ್ಲಿ ನಿನ್ನೆಯ ಪಾಠವನ್ನು ಮನಸ್ಸಿನಲ್ಲಿಯೇ ಒಪ್ಪಿಸಿ ನೋಡಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು, ತಿದ್ದುವ ಬಗೆ. ಉದಾಹರಣೆಗೆ ಒಂದು ಲೆಕ್ಕ: 402ರಲ್ಲಿ 178ನ್ನು ಕಳೆಯಬೇಕು. ಹುಡುಗನು 376 ಎಂದು ಬರೆದ. ಉಪಾಧ್ಯಾಯರು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟರು. ಇದು ನ್ಯಾಯವೇ, ಆದರೆ ಪಾಠವಲ್ಲ. ಹುಡುಗನು ಬಾಯಿಗೆ ಬಂದ ಉತ್ತರ ಬರೆದಿಲ್ಲ. ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆದಿದ್ದಾನೆ. 8ರಲ್ಲಿ 2 ಕಳೆದರೆ 6, 7ರಲ್ಲಿ 0 ಕಳೆದರೆ 7, 4ರಲ್ಲಿ 1 ಕಳೆದರೆ 3. ಅವನಿಗೆ ತಿಳಿಯದಿರುವುದು ಒಂದೇ ಸಂಗತಿ, ದಶಕ ತೆಗೆದುಕೊಳ್ಳುವುದು. ಗಲ್ಲಾದ ಮುಂದೆ ಚಿಲ್ಲರೆ ಮಾಡಿಸುವಂತೆ, ‘ನಾಲ್ಕು ನೂರರ ನೋಟುಗಳಲ್ಲಿ ಒಂದನ್ನು ಹತ್ತು ಹತ್ತರ ನೋಟು ಮಾಡು, ಅದರಲ್ಲಿ ಒಂದು ಹತ್ತನ್ನು ಬಿಡಿ ರೂಪಾಯಿ ಮಾಡು. ಈಗ ನಿನ್ನಲ್ಲಿ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಇದರಿಂದ ಕಳೆ’ ಎಂದರೆ, 224 ಎಂದು ಅವನೇ ಹೇಳುವನು. ಸೊನ್ನೆಗೂ ಈ ನಾಲ್ಕು ಮಾತುಗಳಿಗೂ ಇರುವ ಅಂತರವೇ ದಂಡನೆಗೂ ಶಿಕ್ಷಣಕ್ಕೂ ಇರುವ ಅಂತರ.

ಕನ್ನಡ ಪಾಠದಲ್ಲಿಯೂ ಹೀಗೆಯೇ. ಮುಂಬಯಿಯಲ್ಲಿ ಬೆಳೆದ ಮಗು ‘ಭಾಷೆ’ ಎಂಬುದನ್ನು ‘ಬಾಷೆ’ ಎಂದು ಬರೆದರೆ, ‘ಕಾಗುಣಿತ ಶುದ್ಧವಿಲ್ಲ’ ಎಂದು ಕೆಳಗೆ ಗೀಚುವುದರಿಂದ ಏನು ಫಲ? ‘ಮರಾಠಿಯ ಭಾಜಿ, ಭಾಕರಿ ಶಬ್ದಗಳಲ್ಲಿ ಬರುವ ಭ-ಕಾರವೇ ಇದು, ಕನ್ನಡದಲ್ಲಿ ಅದಕ್ಕೆ ಹೊಟ್ಟೆ ಸೀಳಿದ ಅಕ್ಷರ’ ಎಂದು ತೋರಿಸಿದರೆ, ಮಗುವಿಗೆ ತಾನು ಆಗಲೇ ಬಲ್ಲುದರ ಮೂಲಕ ಹೊಸದು ದಕ್ಕುತ್ತದೆ.

ಅಂಕಗಳ ವಿಷಯದಲ್ಲಿ ಇನ್ನೂ ಒಂದು ಆಶ್ಚರ್ಯವಿದೆ. ಇಸ್ರೇಲಿನ ರೂತ್ ಬಟ್ಲರ್ ಎಂಬ ವಿದುಷಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದನೆಯ ಮತ್ತು ಆರನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ತಿದ್ದುವ ಮಾತು ಮಾತ್ರ, ಉಳಿದವರಿಗೆ ಎರಡನ್ನೂ ಕೊಡಲಾಯಿತು. ಮಾತು ಮಾತ್ರ ಪಡೆದವರ ಕೆಲಸವೂ ಆಸಕ್ತಿಯೂ ಹೆಚ್ಚಿದವು. ಎರಡನ್ನೂ ಪಡೆದವರಿಗೆ ಆ ಲಾಭ ದೊರೆಯಲಿಲ್ಲ. ಅಂಕವನ್ನು ಕಂಡ ಕಣ್ಣು ಮಾತಿನ ಕಡೆಗೆ ಹೊರಳುವುದಿಲ್ಲವಾಗಿ ತೋರುತ್ತದೆ. ಕ್ಲೂಗರ್ ಮತ್ತು ಡಿನಿಸಿ ಎಂಬವರು 1996ರಲ್ಲಿ ಇಂಥ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಿದ್ದುವಿಕೆಯಿಂದ ಸರಾಸರಿಯಲ್ಲಿ ಲಾಭವಿದ್ದರೂ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಕೆಟ್ಟಿತೆಂದು ಕಂಡುಬಂದಿತು. ಮಾತು ಕೆಲಸವನ್ನು ಬಿಟ್ಟು ಮನುಷ್ಯನ ಮೇಲೆ ತಿರುಗಿದಷ್ಟೂ ಅದರ ಗುಣ ಕುಗ್ಗುತ್ತದೆ. ‘ನೀನು ದಡ್ಡ’ ಎಂಬುದು ಮಾತ್ರವಲ್ಲ, ‘ನೀನು ಭಾರಿ ಜಾಣ’ ಎಂಬುದೂ ಮುಂದೇನು ಮಾಡಬೇಕೆಂದು ಹೇಳುವುದಿಲ್ಲ.

ಇದು ನನಗೆ ಪುಸ್ತಕದಿಂದ ಮಾತ್ರ ತಿಳಿದುದಲ್ಲ. ನಾನೂ ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತವನೇ. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯನೊಬ್ಬ ನನಗಿಂತ ಚುರುಕು. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಬರೆಯುವಾಗ ಹೆಜ್ಜೆ ತಪ್ಪುತ್ತಿತ್ತು. ಅವನ ಪುಸ್ತಕವು ತಿಂಗಳುಗಟ್ಟಲೆ ಕೆಂಪು ಗೆರೆಗಳಿಂದ ತುಂಬಿ ಬಂದಿತೇ ಹೊರತು, ಎಲ್ಲಿ ತಪ್ಪಿದೆಯೆಂದು ಯಾರೂ ಕೂರಿಸಿ ಹೇಳಲಿಲ್ಲ. ಒಂದು ದಿನ ಅವನು, ‘ಇದು ನಮ್ಮಂಥವರಿಗಲ್ಲ ಮಾರಾಯಾ’ ಎಂದು ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟು ಹೋದ, ಮತ್ತೆ ಬರಲಿಲ್ಲ. ಅದೇ ವರ್ಷ ಹೊಸದಾಗಿ ಬಂದ ಉಪಾಧ್ಯಾಯರೊಬ್ಬರು, ಹಗಲಿನಲ್ಲಿ ಗುಮಾಸ್ತರು, ನನ್ನ ಪಕ್ಕದಲ್ಲಿ ಕುಳಿತು, ‘ಮೂರನೆಯ ಸಾಲಿನವರೆಗೆ ಎಲ್ಲ ಸರಿ, ನಾಲ್ಕನೆಯ ಸಾಲನ್ನು ನನ್ನೆದುರಿನಲ್ಲಿ ಇನ್ನೊಮ್ಮೆ ಮಾಡು’ ಎಂದರು. ನಾನು ಉಳಿದುಕೊಂಡುದು ಆ ಒಂದು ಮಾತಿನಿಂದ. ಅವರು ಎರಡು ತಿಂಗಳು ಮೊದಲು ಬಂದಿದ್ದರೆ ನನ್ನ ಗೆಳೆಯನೂ ಉಳಿಯುತ್ತಿದ್ದನೆಂದು ನನಗೆ ಇಂದಿಗೂ ಅನಿಸುತ್ತದೆ.

ನಲವತ್ತು ಪುಸ್ತಕಗಳಿರುವಾಗ ಪ್ರತಿಯೊಂದರಲ್ಲಿಯೂ ಇಷ್ಟು ಬರೆಯಲು ಸಾಧ್ಯವೇ ಎಂದು ಉಪಾಧ್ಯಾಯ ಬಂಧುಗಳು ಕೇಳಬಹುದು. ಇದು ಯೋಗ್ಯವಾದ ಪ್ರಶ್ನೆ. ಎಲ್ಲ ತಪ್ಪುಗಳನ್ನೂ ಹಿಡಿಯಬೇಕಾದುದಿಲ್ಲ. ಒಂದು ಪುಸ್ತಕಕ್ಕೆ ಒಂದೇ ತಪ್ಪನ್ನು, ಮುಖ್ಯವಾದುದನ್ನು, ಆರಿಸಿ ಒಂದು ಸಾಲು ಬರೆಯಲಿ. ಹತ್ತು ಮಂದಿಯದು ಒಂದೇ ತಪ್ಪಾದರೆ ಕರಿಹಲಗೆಯ ಮೇಲೆ ಒಮ್ಮೆಗೇ ತೋರಿಸಲಿ. ಮರುದಿನ ಪಾಠಕ್ಕೆ ಮೊದಲು ಐದು ನಿಮಿಷ, ಆ ಸಾಲಿನಂತೆ ತಿದ್ದಿ ಬರೆಯಲು ಬಿಡಲಿ. ತಿದ್ದಿ ಬರೆಯಲು ಹೊತ್ತು ಕೊಡದಿದ್ದರೆ ತಿದ್ದಿದ ಶ್ರಮವೆಲ್ಲ ನೀರಿನಲ್ಲಿ ಮಾಡಿದ ಹೋಮ. ಅಂಕವನ್ನು ಅದಾದ ಮೇಲೆ ಕೊಟ್ಟರಾಯಿತು.

ಮನೆಯಲ್ಲಿರುವ ನಮ್ಮ ಕರ್ತವ್ಯವೂ ಕಡಿಮೆಯದಲ್ಲ. ರಾತ್ರಿ ಹತ್ತು ಗಂಟೆಗೆ ಹೋಟೆಲಿನಿಂದಲೋ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕಚೇರಿಯಿಂದಲೋ ಬರುವ ತಂದೆಯು ಮಗುವನ್ನು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಮಾರ್ಕು ಬಂತು?’ ಎಂಬುದು. ಅದರ ಬದಲು, ‘ಇವತ್ತು ಯಾವುದು ಕಷ್ಟವಾಯಿತು, ನನಗೆ ಹೇಳಿಕೊಡು ನೋಡೋಣ’ ಎಂದು ಕೇಳೋಣ. ತಂದೆಗೆ ಇಂಗ್ಲಿಷು ಬಾರದಿದ್ದರೂ, ತಾಯಿಗೆ ಲೆಕ್ಕ ತಿಳಿಯದಿದ್ದರೂ ಚಿಂತೆಯಿಲ್ಲ. ಹೇಳಿಕೊಡುವಾಗ ಮಗುವಿಗೆ ತನ್ನ ತೊಡಕು ತಾನಾಗಿಯೇ ಗೋಚರವಾಗುತ್ತದೆ.

ಹೋಟೆಲಿನ ಧಣಿಗಳಲ್ಲಿಯೂ ಒಂದು ವಿನಂತಿ. ಓದುವ ತರುಣನೊಬ್ಬನು ನಿಮ್ಮಲ್ಲಿದ್ದರೆ, ತರಗತಿಯ ವೇಳೆಗೆ ಅರ್ಧ ಗಂಟೆ ಮುಂಚೆ ಅವನನ್ನು ಬಿಡಿ. ಮುಖ ತೊಳೆದು, ಒಂದು ಲೋಟ ಚಹಾ ಕುಡಿದು ಹೋದವನಿಗೂ, ಪಾತ್ರೆ ಇಳಿಸಿ ಓಡಿದವನಿಗೂ ಬಹಳ ಅಂತರವಿದೆ. ಆದಿತ್ಯವಾರದ ಕನ್ನಡ ವರ್ಗಗಳಲ್ಲಿ ಕಲಿಸಲು ಮುಂದೆ ಬಂದಿರುವ ಗುಮಾಸ್ತ ಮಿತ್ರರು, ತಮಗೆ ಬಿ.ಎಡ್. ಪದವಿಯಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಬಾಲಸಖಿಯರಿಗೂ ಅದು ಇರಲಿಲ್ಲ. ಕಾವಲಿಯ ಬಳಿ ನಿಂತ ಭಟ್ಟರ ತಾಳ್ಮೆ ಅವರಲ್ಲಿದ್ದರೆ ಸಾಕು. ಮುಂದಿನ ವರ್ಗದಲ್ಲಿ ತೂಕಡಿಸುವ ಹುಡುಗನೊಬ್ಬನು ಕಂಡರೆ, ಗದರಿಸುವ ಮೊದಲು ಅವನ ಪಕ್ಕದಲ್ಲಿ ಒಮ್ಮೆ ಕುಳಿತು ಅವನ ಪುಸ್ತಕವನ್ನು ತೆರೆದು ನೋಡಲಿ.