ಬಾಕ್ಸಿಂಗ್ ಕಣದಲ್ಲಿ ತಬ್ಬಿ ಹಿಡಿಯುವುದು

ಬಾಕ್ಸಿಂಗ್‌ನಲ್ಲಿ ಎದುರಾಳಿಯ ಮೈಗೆ ಮೈ ತಾಗಿಸಿ, ತೋಳುಗಳನ್ನು ಕಂಕುಳಲ್ಲಿ ಬಿಗಿದು ಅವನ ಗುದ್ದನ್ನು ಕಟ್ಟಿಹಾಕುವುದಕ್ಕೆ ಕ್ಲಿಂಚ್ ಎನ್ನುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಕುಸ್ತಿ ನೋಡಿ ಬೆಳೆದವರಿಗೆ ಇದರಲ್ಲಿ ತಪ್ಪೇನೂ ಕಾಣದು. ಕುಸ್ತಿಯಲ್ಲಿ ಹಿಡಿತವೇ ವಿದ್ಯೆ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲೂ ಗುದ್ದು, ಹಿಡಿತ ಎರಡೂ ಉಂಟು. ಚಾಮರಾಜನಗರ, ಮೈಸೂರು, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿಗಳು ತಲೆ ಬೋಳಿಸಿಕೊಂಡು ಅಖಾಡಕ್ಕಿಳಿಯುತ್ತಾರೆ. ಒಬ್ಬನ ತಲೆಯಿಂದ ನೆತ್ತರು ಬಂದರೆ ಅಲ್ಲಿಗೆ ಕಾಳಗ ಮುಗಿಯಿತು. ಕ್ಷಣಗಳಲ್ಲಿ ತೀರುವ ಆಟದಲ್ಲಿ ಹಿಡಿದು ಕಾಲ ತಳ್ಳುವ ಪ್ರಶ್ನೆಯೇ ಏಳುವುದಿಲ್ಲ.

ಬಾಕ್ಸಿಂಗ್ ಮೊದಲಿನಿಂದ ಹಿಡಿತವನ್ನು ದೂರವಿಟ್ಟ ಆಟವಲ್ಲ. ಇಂಗ್ಲೆಂಡಿನ ಜ್ಯಾಕ್ ಬ್ರೌಟನ್ 1743ರಲ್ಲಿ ಬರೆದ ನಿಯಮ ತಡೆದದ್ದು ಸೊಂಟದ ಕೆಳಗಿನ ಹಿಡಿತವನ್ನು ಮಾತ್ರ. ಕುಸ್ತಿಯ ಹಾಗೆ ಅಪ್ಪಿಕೊಳ್ಳುವಂತಿಲ್ಲ ಎಂದು ಖಚಿತವಾಗಿ ಹೇಳಿದ್ದು 1867ರ ಕ್ವೀನ್ಸ್‌ಬರಿ ನಿಯಮಗಳು. ಇಂದಿನ ಬಾಕ್ಸಿಂಗ್ ನಡೆಯುವುದು ಅವುಗಳ ಬುನಾದಿಯ ಮೇಲೆ.

ಹಾಗಿದ್ದೂ ಕ್ಲಿಂಚ್ ಉಳಿದಿದೆ. ಗುದ್ದಿಗೆ ಬಲ ಬರಬೇಕಾದರೆ ಕೈ ಬೀಸಲು ಜಾಗ ಬೇಕು. ಎದೆಗೆ ಎದೆ ತಾಗಿದರೆ ಆ ಜಾಗವೇ ಇಲ್ಲ. ಏಟು ತಿಂದು ತಲೆ ಸುತ್ತಿದವನಿಗೆ ನಾಲ್ಕೈದು ಸೆಕೆಂಡಿನ ಉಸಿರು ಸಿಕ್ಕರೂ ದೊಡ್ಡದು. ರೆಫರಿ 'ಬ್ರೇಕ್' ಎಂದೊಡನೆ ಇಬ್ಬರೂ ಹಿಂದೆ ಸರಿಯಬೇಕು. ಮತ್ತೆ ಮತ್ತೆ ಹಿಡಿದರೆ ಎಚ್ಚರಿಕೆ, ಆಮೇಲೆ ಅಂಕ ಕಡಿತ, ಮಿತಿ ಮೀರಿದರೆ ಅನರ್ಹತೆ. ಕಾಗದದ ಮೇಲೆ ಇದು ತಪ್ಪೇ. ಎಷ್ಟು ಸಹಿಸಬೇಕೆಂಬುದು ಮಾತ್ರ ರೆಫರಿಯ ಕೈಯಲ್ಲಿದೆ.

1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಹಗ್ಗಕ್ಕೊರಗಿ ಏಟು ತಿಂದದ್ದಷ್ಟೇ ಜನರ ನೆನಪಿನಲ್ಲಿದೆ. ಜಾರ್ಜ್ ಫೋರ್ಮನ್‌ನ ಕತ್ತು ಹಿಡಿದು ಬಗ್ಗಿಸಿ, ತನ್ನ ಭಾರ ಹೇರಿ ದಣಿಸಿದ್ದೂ ಆ ಎಂಟನೇ ಸುತ್ತಿನ ಗೆಲುವಿನ ಪಾಲುದಾರ. ಗುದ್ದಾಟದ ನಡುವೆ ಬಂದುಹೋಗುವ ಇಂಥ ಹಿಡಿತವನ್ನು ಜಾಣ್ಮೆಯೆನ್ನಲು ಅಡ್ಡಿಯಿಲ್ಲ. ಗುದ್ದಾಟವನ್ನೇ ನುಂಗುವ ಹಿಡಿತ ಹಾಗಲ್ಲ. 2013ರಲ್ಲಿ ಮಾಸ್ಕೋದಲ್ಲಿ ವ್ಲಾಡಿಮಿರ್ ಕ್ಲಿಚ್ಕೊ, ಅಲೆಕ್ಸಾಂಡರ್ ಪೊವೆಟ್ಕಿನ್‌ನನ್ನು ಒಂದು ಗುದ್ದು, ಒಂದು ಅಪ್ಪುಗೆ ಎಂಬಂತೆ ಹನ್ನೆರಡು ಸುತ್ತೂ ಕಟ್ಟಿಹಾಕಿ ಗೆದ್ದ. ನೋಡುಗರಿಗೆ ಬೇಸರ ಬಂತು. 2015ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ರಯಂಟ್ ಜೆನ್ನಿಂಗ್ಸ್ ವಿರುದ್ಧ ಹಿಡಿದದ್ದಕ್ಕೆ ರೆಫರಿ ಹತ್ತನೇ ಸುತ್ತಿನಲ್ಲಿ ಅವನ ಒಂದು ಅಂಕ ಕಿತ್ತುಕೊಂಡ. ಆ ಪಂದ್ಯವನ್ನೂ ಕ್ಲಿಚ್ಕೊನೇ ಗೆದ್ದ.