ಹೊಯಿಗೆ ಹೋದ ಹೊಳೆಯಲ್ಲಿ ಕುದ್ರು

ಹೊಳೆಯ ನಡುವೆ ಎದ್ದ ನೆಲಕ್ಕೆ ನಮ್ಮ ಕರಾವಳಿಯಲ್ಲಿ ಕುದ್ರು ಎನ್ನುತ್ತಾರೆ. ನೇತ್ರಾವತಿ ಕುದುರೆಮುಖದ ಕಡೆಯಿಂದ ಬೆಳ್ತಂಗಡಿಗೆ ಇಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ದಾಟಿ ಮಂಗಳೂರಿನತ್ತ ಸಾಗುವಾಗ ಸಿಗುವ ಪಾವೂರು ಉಳಿಯ ಅಂಥದ್ದೊಂದು ಕುದ್ರು. ಮಳೆಗಾಲದಲ್ಲಿ ದೋಣಿ, ಬೇಸಿಗೆಯಲ್ಲಿ ಊರವರೇ ಕಟ್ಟಿಕೊಳ್ಳುವ ಕಾಲುಸಂಕ. ಮರಳುಗಾರಿಕೆಯಿಂದ ದಂಡೆ ಜರಿಯುತ್ತಿದೆ, ತೆಂಗಿನ ಮರಗಳು ಹೊಳೆ ಪಾಲಾಗುತ್ತಿವೆ ಎಂದು ಅಲ್ಲಿನವರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ.

ಅವರ ಮಾತಿಗೆ ಭೌತವಿಜ್ಞಾನದ ಬೆಂಬಲವಿದೆ. ಹರಿಯುವ ನೀರಿಗೆ ಇಂತಿಷ್ಟು ಹೊಯಿಗೆ, ಅಂದರೆ ಮರಳು, ಹೊರುವ ಶಕ್ತಿ ಇರುತ್ತದೆ. ಮೇಲಿನಿಂದ ಅಷ್ಟು ಬಾರದಿದ್ದರೆ ಉಳಿದ ಶಕ್ತಿಯಿಂದ ಅದು ತಳವನ್ನೂ ದಂಡೆಯನ್ನೂ ಕೊರೆಯುತ್ತದೆ. ಇಂಥ ನೀರನ್ನು ವಿಜ್ಞಾನಿಗಳು ‘ಹಸಿದ ನೀರು’ ಎನ್ನುತ್ತಾರೆ. ಅಣೆಕಟ್ಟಿನ ಹಿಂದೆ ಹೊಯಿಗೆ ತಂಗಿದರೆ ಹಸಿವು ಹುಟ್ಟುತ್ತದೆ. ತಳದಲ್ಲಿ ತೋಡಿದ ಗುಂಡಿ, ಬರುವ ಹೊಯಿಗೆಯನ್ನು ನುಂಗಿ ಆ ಹಸಿವನ್ನು ಹೆಚ್ಚಿಸುತ್ತದೆ. ಗುಂಡಿ ತೋಡಿದಲ್ಲೇ ನಿಲ್ಲುವುದೂ ಇಲ್ಲ. ಅದರ ಮೇಲಂಚು ಪ್ರವಾಹಕ್ಕೆ ಸಿಕ್ಕಿ ಕುಸಿಯುತ್ತ ಹೊಳೆಯ ಮೇಲ್ಮುಖವಾಗಿ ಸರಿಯುತ್ತದೆ.

ತಳ ಇಳಿದಷ್ಟೂ ದಂಡೆ ಎತ್ತರವಾಗುತ್ತದೆ, ಬುಡ ಬರಿದಾಗುತ್ತದೆ. ನೆರೆ ಬಂದಾಗ ಒದ್ದೆಯಾದ ಮಣ್ಣನ್ನು ಹೊಳೆಯ ನೀರೇ ಹೊರಗಿನಿಂದ ಒತ್ತಿ ಹಿಡಿದಿರುತ್ತದೆ. ನೆರೆ ಸರ್ರನೆ ಇಳಿದಾಗ ಆ ಆಸರೆ ತಪ್ಪುತ್ತದೆ, ಮಣ್ಣಿನೊಳಗಿನ ನೀರು ಮಾತ್ರ ಉಳಿಯುತ್ತದೆ. ಹೀಗಾಗಿ ನೆರೆ ಇಳಿದು ಜನ ನಿಟ್ಟುಸಿರು ಬಿಡುವ ಹೊತ್ತಿಗೇ ದಂಡೆ ಜರಿಯಬಹುದು. ತೆಂಗಿನ ಬೇರುಗಳು ಬಹುಪಾಲು ಮೇಲಿನ ಒಂದೂವರೆ ಮೀಟರಿನೊಳಗೇ ಹರಡಿರುವುದರಿಂದ, ಅದಕ್ಕಿಂತ ಆಳದ ಮಣ್ಣನ್ನು ಅವು ಹಿಡಿದಿಡಲಾರವು.

ಒಂದು ಲೆಕ್ಕ ಹಾಕೋಣ. ಕುದ್ರುವಿನ ಅಂಚಿನಲ್ಲಿ 100 ಮೀಟರ್ ಉದ್ದ, 10 ಮೀಟರ್ ಅಗಲದ ತಳವನ್ನು ಒಂದು ಮೀಟರ್ ಇಳಿಸಲು 1,000 ಘನ ಮೀಟರ್ ಹೊಯಿಗೆ ತೆಗೆದರೆ ಸಾಕು. 300 ಘನ ಅಡಿ ಹಿಡಿಯುವ ಲಾರಿಯಲ್ಲಿ ಅದು ಸುಮಾರು 118 ಲೋಡು. ದಿನಕ್ಕೆ ಹತ್ತು ಲೋಡಿನಂತೆ ಹನ್ನೆರಡೇ ದಿನದ ಕೆಲಸ.

‘ಪ್ರತಿ ಮಳೆಗಾಲಕ್ಕೂ ಹೊಸ ಹೊಯಿಗೆ ಬರುತ್ತದಲ್ಲ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬರುತ್ತದೆ, ಆದರೆ ಸಮನಾಗಿ ಅಲ್ಲ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಗುಡ್ಡಗಳು ಜರಿದಾಗ ಅಪಾರ ಮಣ್ಣು, ಮರಳು ಗದ್ದೆ ತೋಟಗಳ ಮೇಲೆಯೇ ಉಳಿಯಿತು. ನೀರಿನಲ್ಲಿ ತೇಲಿ ಬರುವ ನಯವಾದ ಕೆಸರು ಬೇಗ ಕಡಲು ಸೇರುತ್ತದೆ. ತಳದಲ್ಲಿ ಉರುಳುವ ದಪ್ಪ ಹೊಯಿಗೆಯದು ನಿಧಾನದ ಪಯಣ. ನಮಗೆ ಬೇಕಾದದ್ದೂ ಕುದ್ರುವಿಗೆ ಬೇಕಾದದ್ದೂ ಈ ದಪ್ಪ ಹೊಯಿಗೆಯೇ.

ಇತ್ತ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಇದರಿಂದ ಅಬ್ಬರದ ಮಳೆ, ಹಠಾತ್ ನೆರೆ ಹೆಚ್ಚಿದಂತೆ ಬುಡ ಸಡಿಲಾದ ದಂಡೆ ಎದುರಿಸಬೇಕಾದ ಪರೀಕ್ಷೆಗಳೂ ಹೆಚ್ಚುತ್ತವೆ. 1923 ಮತ್ತು 1974ರ ಮಹಾನೆರೆಗಳನ್ನು ಬಂಟ್ವಾಳ ಮರೆತಿಲ್ಲ. ಅಷ್ಟೇ ನೀರು ಮತ್ತೆ ಬಂದರೂ ಈಗ ಅದು ಹರಿಯಬೇಕಾದ ತಳ ಅಂದಿನದಲ್ಲ.

ಕೇಂದ್ರ ಪರಿಸರ ಸಚಿವಾಲಯದ 2020ರ ಮಾರ್ಗಸೂಚಿ ಮಳೆಗಾಲದ ಮುಂಚೆ ಮತ್ತು ನಂತರ ಹೊಳೆಯ ತಳವನ್ನು ಅಳೆದು, ಎಷ್ಟು ಹೊಯಿಗೆ ಮರಳಿ ತುಂಬಿದೆ ಎಂದು ನೋಡಲು ಹೇಳುತ್ತದೆ. ಆ ಅಂಕಿಗಳನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಬೇಕು. ಕುದ್ರುವಿನವರೂ ದೋಣಿಯಿಂದ ಬಿದಿರ ಗಳ ಇಳಿಸಿ ತಾವೇ ಅಳೆಯಬಹುದು: ಪ್ರತಿ ವರ್ಷ ಅದೇ ಜಾಗ, ಅದೇ ತಿಂಗಳು, ನೀರಿನ ಮಟ್ಟಕ್ಕೆ ದಡದ ಬಂಡೆಯ ಮೇಲೊಂದು ಗುರುತು. ಮೊದಲ ಅಳತೆಯನ್ನು ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮುಂಚೆ ಮಾಡಬೇಕು.